ದಮ್ಮು

ಮಾಗಿಯ ಒಂದು ಶನಿವಾರ, ಗೂಡಿನ ಕ್ರೇಟುಗಳನ್ನೆಲ್ಲ ಇಳಿಸಿ
ಅದೇ ಛೋಟಾ ಹಾತಿಯ ಹಿಂದೆ ನಾವು ಏಳು ಜನ
ಶಿಡ್ಲಘಟ್ಟದಿಂದ ಚಿಂತಾಮಣಿಗೆ,
ಹೊನಲು ಬೆಳಕಿನ ಕಬಡ್ಡಿಗೆ.
ಎರಡು ಕಂಬಳಿ, ಒಂದು ಫ್ಲಾಸ್ಕು,
ಉಪ್ಪು ಹಾಕಿ ಬೇಯಿಸಿದ ಅವರೇಕಾಯಿ ಒಂದು ಬುಟ್ಟಿ,
ಕಾಲುಚೀಲದ ಮೇಲೆ ಹವಾಯಿ ಚಪ್ಪಲಿ ತೊಟ್ಟ ಅಜ್ಜಿ.

ಗಾಡಿಯಲ್ಲಿ ಇನ್ನೂ ಹುಳದ ವಾಸನೆ.
ಪಕ್ಕದ ಮನೆಯ ಖಮರುನ್ನೀಸಾ ಮೂಗಿಗೆ ಸೆರಗು ಹಿಡಿಯಲಿಲ್ಲ.
ನಮ್ಮ ಬೀದಿಯಲ್ಲಿ ಯಾರೂ ಹಿಡಿಯುವುದಿಲ್ಲ.

ಸರ್ವೆ ಗಳುವಿನ ಗ್ಯಾಲರಿ, ಕೂತರೆ ಕಿರುಗುಟ್ಟುತ್ತದೆ,
ಎದ್ದರೆ ಇಡೀ ಸಾಲು ಏಳುತ್ತದೆ.
ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರಿಸುವ ಅಮ್ಮ
ಇಲ್ಲಿ ರೆಫ್ರಿಗೇ ಕಾನೂನು ಹೇಳುತ್ತಾಳೆ:
'ಲಾಬಿ ತುಳಿದಳು! ಕಣ್ಣು ಅಡ ಇಟ್ಟಿದ್ದೀಯೇನಯ್ಯಾ?'
ಸಿಟ್ಟು ಹೆಚ್ಚಾದರೆ ತೆಲುಗು, 'ಪಟ್ಟುಕೋ, ಕಾಲು ಪಟ್ಟುಕೋ!'
ಎದುರಾಳಿ ಕಡಲ ಕಡೆಯ ತಂಡ,
ಪಾಪ, ಅವರಿಗೂ ಅರ್ಥವಾಗುತ್ತದೆ.

ಅಪ್ಪನಿಗೂ ಒಂದು ಕಾಲವಿತ್ತು.
ಒಂದೇ ದಮ್ಮಿಗೆ ಮೂವರನ್ನು ಮುಟ್ಟಿ
ನಗುತ್ತಾ ಹಿಂದಿರುಗುತ್ತಿದ್ದನಂತೆ, ಲುಂಗಿ ಮಡಿಸಿ ಕಟ್ಟಿ.
ಈಗಲೂ ಅಪ್ಪನಿಗೆ ದಮ್ಮಿದೆ.
ಮಾತು ಅದೇ, ಡಾಕ್ಟರು ಅದಕ್ಕೆ
ನೀಲಿ ಪಂಪು ಬರೆದುಕೊಟ್ಟಿದ್ದಾರೆ.
ಇಪ್ಪತ್ತೆರಡು ವರ್ಷ ಬಾಣಲೆಯ ಹಬೆ ಕುಡಿದ ಎದೆ,
ಮೆಟ್ಟಿಲು ಹತ್ತುವಾಗ ಹಳೆಯ ಚರಕದ ಹಾಗೆ
ಕಿರ್ರ್, ಕಿರ್ರ್.

ನಮ್ಮ ಮನೆಯದು ಒಂದು ಚಟ:
ನಮ್ಮ ಹುಡುಗಿ ರೈಡಿಗೆ ಹೊರಟರೆ
ನಾವೂ ಉಸಿರು ಹಿಡಿಯುತ್ತೇವೆ, ಆರು ಜನ, ಅವಳ ಜೊತೆ.
ಅಪ್ಪನಿಗೆ ಮಾತ್ರ ಮಾಫಿ.
ತಮ್ಮ ಗಂಗಣ್ಣ ಕೆನ್ನೆ ಉಬ್ಬಿಸಿ ಕೆಂಪಾಗುತ್ತಾನೆ,
ಚಿಕ್ಕಮ್ಮ ಬಾಯಿಗೆ ಅವರೇಕಾಯಿ ತುಂಬಿಕೊಂಡು ಮೋಸ ಮಾಡುತ್ತಾಳೆ.

ಹನ್ನೊಂದರ ಮೇಲೆ ಮಂಜು ಇಳಿಯಿತು.
ಗುಡಿಬಂಡೆಯ ಭಾರ್ಗವಿ ಗೆರೆ ದಾಟಿದಳು.
ಈ ಚಳಿಯಲ್ಲಿ ಮಾತಿಗೂ ಮೈ ಬರುತ್ತದೆ:
ಕಬಡ್ಡಿ ಕಬಡ್ಡಿ ಅನ್ನುವುದು
ದೀಪದ ಕೆಳಗೆ ಕಣ್ಣಿಗೇ ಕಾಣುತ್ತಿತ್ತು,
ಬೆಳ್ಳಗೆ, ತೆಳ್ಳಗೆ,
ಬಿಸಿನೀರಿನ ಗೂಡಿನಿಂದ ಬಿಚ್ಚಿಬರುವ ಎಳೆಯ ಹಾಗೆ.
ಅಜ್ಜಿ ಕಂಬಳಿಯೊಳಗೆ ಬೆರಳಾಡಿಸುತ್ತಿದ್ದಳು.
ಕಡಿಯಬಾರದು, ಅಷ್ಟೇ. ಕಡಿದರೆ
ತುದಿ ಹುಡುಕುವುದು ಎಷ್ಟು ಕಷ್ಟ
ಎಂದು ಈ ಊರಿಗೆ ಗೊತ್ತು.

ಮೂವತ್ತೊಂದು, ಮೂವತ್ತೆರಡು. ಕೊನೆಯ ರೈಡು.
ಒಬ್ಬಳನ್ನು ಮುಟ್ಟಿದಳು. ತಿರುಗಿದಳು.
ಹಿಮ್ಮಡಿಗೆ ಒಂದು ಕೈ, ಸೊಂಟಕ್ಕೆ ಎರಡು, ಬೆನ್ನ ಮೇಲೆ ಮತ್ತೊಬ್ಬಳು,
ಆ ರಾಶಿಯನ್ನೇ ಎಳೆದುಕೊಂಡು
ಮ್ಯಾಟಿನ ಮೇಲೆ ತೆವಳಿದಳು,
ಚಾಚಿದ ಕೈ, ಗೆರೆ, ನಡುವೆ ಎರಡು ಬೆರಳಷ್ಟು ಹಸಿರು.
ರಾಶಿಯ ಅಡಿಯಿಂದ ಆ ಬಿಳಿ ಎಳೆ
ಇನ್ನೂ ಬರುತ್ತಲೇ ಇತ್ತು,
ಕಬಡ್ಡಿ ಕಬಡ್ಡಿ ಕಬ

ಸೀಟಿ.

ಸೋತೆವು. ಗ್ಯಾಲರಿ ಒಟ್ಟಿಗೇ ಉಸಿರು ಬಿಟ್ಟಿತು,
ಒಂದು ಕ್ಷಣ ಏನೂ ಕಾಣದಷ್ಟು ಹೊಗೆ.
ಹೊಗೆ ಕರಗಿದಾಗ ನೋಡುತ್ತೇವೆ,
ಅಪ್ಪ ಮಾತ್ರ ಇನ್ನೂ ಬಿಟ್ಟಿಲ್ಲ,
ಮುಷ್ಟಿ ಬಿಗಿದು, ಕಣ್ಣು ಗೆರೆಯ ಮೇಲೆ.
ಅಮ್ಮ ರೆಫ್ರಿಯನ್ನು ಅರ್ಧಕ್ಕೇ ಬಿಟ್ಟು
ಅಪ್ಪನ ಬೆನ್ನಿಗೆ ಬಲವಾಗಿ ಒಂದು ಗುದ್ದಿದಳು.
ಕೆಮ್ಮಿದ, ಕೆಮ್ಮಿದ, ಪಂಪು ಬಾಯಿಗಿಟ್ಟ,
ಕಣ್ಣಲ್ಲಿ ನೀರು, 'ಎಷ್ಟಾಯಿತು?' ಎಂದ.
ಗಂಗಣ್ಣ ಮೊಬೈಲು ನೋಡಿ ಇಪ್ಪತ್ತಾರು ಸೆಕೆಂಡು ಎಂದ.
ಸುಳ್ಳು. ಅವನು ಲೆಕ್ಕವಿಟ್ಟೇ ಇರಲಿಲ್ಲ.
ಅಪ್ಪ ದಾರಿಯುದ್ದಕ್ಕೂ
ಇಪ್ಪತ್ತಾರು, ಇಪ್ಪತ್ತಾರು ಎನ್ನುತ್ತಾ ಬಂದ.

ಕೈವಾರದ ಕ್ರಾಸಿನಲ್ಲಿ ಚಹಾ. ಅಮ್ಮನ ಗಂಟಲು ಕಟ್ಟಿ
ಸನ್ನೆಯಲ್ಲೇ ಜಗಳ.
ಖಮರುನ್ನೀಸಾ ಖಾಲಿ ಬುಟ್ಟಿ ತಲೆಗೆ ಹಾಕಿಕೊಂಡು ಮಲಗಿದಳು, ಚಳಿಗೆ.

ಐದಕ್ಕೆ ಒಲೆ ಹಚ್ಚಲೇಬೇಕು.
ಯಾರೂ ಕೇಳಿರಲಿಲ್ಲ.
ರಾತ್ರಿಯೆಲ್ಲ ತುಟಿ ಬಿಚ್ಚದ ಅಜ್ಜಿ
ಹಬೆಯೊಳಗೆ ಬಗ್ಗಿ, ಮೊದಲ ಗೂಡಿನ ತುದಿ ಹುಡುಕುತ್ತಾ
ಬಾಣಲೆಗೇ ಹೇಳಿದಳು:
'ಗೆರೆ ಮುಟ್ಟಿದ್ದಳು ಕಣೇ.'